ಪುರುಸೊತ್ತಿಲ್ಲದವನ ಅಭಿಪ್ರಾಯ

ಕಳೆದ ಭಾನುವಾರ ಬೆಳಿಗ್ಗೆ ಶಿವಗಂಗೆ ಬೆಟ್ಟದ ಬುಡದ ಟೀ ಅಂಗಡಿಯೊಂದರ ಬೆಂಚಿನ ಮೇಲೆ ಕುಳಿತಿದ್ದೆವು. ಬೆಂಗಳೂರಿನಿಂದ ಮೋಟಾರ್ ಸೈಕಲ್ಲುಗಳ ಮೇಲೆ ಬಂದ ಹುಡುಗರು ಮೆಟ್ಟಿಲ ಕಡೆಗೆ ಹೊರಟಿದ್ದರು. ಸರ್ಕಾರಿ ಬಸ್ಸಿನಿಂದ ಇಳಿದ ಹೆಂಗಸರು ಹಣ್ಣುಕಾಯಿಯ ಬುಟ್ಟಿಯನ್ನು ಕೋತಿಗಳಿಂದ ಕಾಪಾಡಿಕೊಳ್ಳುತ್ತ ಗಂಗಾಧರೇಶ್ವರನ ಗುಡಿಯತ್ತ ನಡೆದಿದ್ದರು. ನಮ್ಮ ಪಕ್ಕಕ್ಕೆ ಬಂದು ಕುಳಿತವನು ಇಪ್ಪತ್ತೈದರ ಹರೆಯದ ಹುಡುಗ. ಸೋಂಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ. ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ, ತಾಯಿ ಹೊತ್ತ ಹರಕೆ ತೀರಿಸಲು ನೇರವಾಗಿ ಬೆಟ್ಟಕ್ಕೆ ಬಂದಿದ್ದ.

ಓದುತ್ತಿದ್ದ ದಿನಪತ್ರಿಕೆಯನ್ನು ಮಡಿಸಿ ಅವನನ್ನು ಮಾತಿಗೆಳೆದೆವು. ಸಿನಿಮಾ ಟಿಕೆಟ್ಟಿನ ದರದ ವಿಚಾರ, ಹೊಸ ಕಾರ್ಮಿಕ ಸಂಹಿತೆಗಳ ವಿಚಾರ, ಇದರಲ್ಲೆಲ್ಲ ನಿನ್ನ ಅಭಿಪ್ರಾಯವೇನಪ್ಪ ಎಂದು ಕೇಳಿದೆವು.

"ನಮ್ಮ ಅಭಿಪ್ರಾಯ ಯಾರಿಗೆ ಬೇಕು ಯಜಮಾನ್ರೇ? ಅದನ್ನೆಲ್ಲ ಯೋಚ್ನೆ ಮಾಡೋಕೆ ಪುರ್ಸೊತ್ತಾದ್ರೂ ಎಲ್ಲೈತೆ?" ಎಂದ. ಟೀ ಆರುವ ಮುಂಚೆಯೇ ಗೋಡೆಗೆ ಒರಗಿ ನಿದ್ದೆ ಹೋದ. ಲೋಟದಲ್ಲಿ ಕೆನೆಗಟ್ಟಿತು.

ಈ ವಾರ ನಾವು ಬರೆಯಬೇಕೆಂದಿದ್ದದ್ದು ಬೇರೆ. ಆದರೆ ಆ ಹುಡುಗನ ಮಾತು ಬೆನ್ನು ಬಿಡಲಿಲ್ಲ. ಈ ದೇಶದ ಆಳುವವರಾಗಲಿ, ಪತ್ರಿಕೆಯವರಾಗಲಿ, ಟೆಲಿವಿಷನ್ನಿನ ಪಂಡಿತರಾಗಲಿ, ಎಲ್ಲರೂ "ಸಾಮಾನ್ಯ ಪ್ರಜೆಯ ಅಭಿಪ್ರಾಯ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಉಚ್ಚರಿಸುತ್ತಾರೆ. ಆ ಸಾಮಾನ್ಯ ಪ್ರಜೆ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಾನೆ. ಅವನು ದಡ್ಡನಲ್ಲ, ಸೋಮಾರಿಯಲ್ಲ. ಅಭಿಪ್ರಾಯವೆಂಬುದು ಹುಟ್ಟಬೇಕಾದರೆ ಒಂದು ವಿಷಯವನ್ನು ಕೇಳಬೇಕು, ನಾಲ್ಕು ಜನರೊಡನೆ ವಾದಿಸಬೇಕು, ರಾತ್ರಿ ಮಲಗುವ ಮುಂಚೆ ಮೆಲುಕು ಹಾಕಬೇಕು. ಇದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಅವನ ಕೈಯಿಂದ ಸ್ವಲ್ಪ ಸ್ವಲ್ಪವಾಗಿ ಕಿತ್ತುಕೊಳ್ಳಲಾಗುತ್ತಿದೆ ಎಂಬುದೇ ನಮ್ಮ ಇಂದಿನ ದೂರು.

ಪುರುಸೊತ್ತು ಧಾರಾಳವಾಗಿ ಇರುವವರಿಗೆ ಅಭಿಪ್ರಾಯಗಳೂ ಧಾರಾಳ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ, ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಅಪ್ಪಣೆ ಕೊಡಿಸಿದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೋ ಕಂಪನಿಯ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು. ಅವರ ಲೆಕ್ಕ 90 ಗಂಟೆ, ಭಾನುವಾರವೂ ಸೇರಿ. ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬುದು ಅವರ ಪ್ರಶ್ನೆ. ಇಡೀ ದೇಶ ಅದನ್ನು ಚರ್ಚಿಸಿತು. ಅಂಥ ಮಾತಿಗೆ ದೊಡ್ಡಬಳ್ಳಾಪುರದ ಮಗ್ಗದವನು ಏನೆನ್ನುತ್ತಾನೆ ಎಂದು ಯಾರೂ ಮೈಕು ಹಿಡಿದು ಹೋಗಲಿಲ್ಲ. ಅವನು ಆಗಲೂ ಮಗ್ಗದ ಮುಂದೆಯೇ ಇದ್ದ. ಗಜದ ಲೆಕ್ಕದಲ್ಲಿ ಕೂಲಿ ಎಣಿಸುವವನಿಗೆ 70 ಗಂಟೆ ಹೊಸ ಉಪದೇಶವೇನಲ್ಲ.

ಹನ್ನೆರಡರಿಂದ ಹೊರಟು ಹನ್ನೆರಡಕ್ಕೆ

ನಮ್ಮ ಓದುಗರಲ್ಲಿ ಮಿಲ್ಲಿನವರು ಹೆಚ್ಚು. ಅವರ ತಂದೆ ತಾತಂದಿರ ಕಾಲದ ಒಂದು ಲೆಕ್ಕವನ್ನು ಇಲ್ಲಿ ನೆನಪು ಮಾಡಿಕೊಡಬೇಕು. ಬ್ರಿಟಿಷ್ ಇಂಡಿಯಾದಲ್ಲಿ 1881ರ ಮೊದಲ ಫ್ಯಾಕ್ಟರಿ ಕಾಯ್ದೆ ಮಕ್ಕಳ ದುಡಿಮೆಗೆ ಮಾತ್ರ ಮಿತಿ ಹಾಕಿತು. ವಯಸ್ಕ ಗಂಡಸಿನ ದುಡಿಮೆಗೆ ಲಂಗುಲಗಾಮು ಇರಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಗಳ ಗಂಡಾಳುಗಳಿಗೆ ದಿನಕ್ಕೆ 12 ಗಂಟೆಯ ಮಿತಿ ಬಂತು. 1922ರಲ್ಲಿ ಅದು 11 ಗಂಟೆಗೆ, ವಾರಕ್ಕೆ 60ಕ್ಕೆ ಇಳಿಯಿತು. 1934ರಲ್ಲಿ 10 ಗಂಟೆ, ವಾರಕ್ಕೆ 54. ಡಾ. ಅಂಬೇಡ್ಕರ್ ಅವರು ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ರೂಪುಗೊಂಡ 1946ರ ತಿದ್ದುಪಡಿ ವಾರದ ದುಡಿಮೆಯನ್ನು 48 ಗಂಟೆಗೆ ತಂದಿತು. ಸ್ವತಂತ್ರ ಭಾರತದ 1948ರ ಕಾಯ್ದೆ ಅದನ್ನೇ ಗಟ್ಟಿ ಮಾಡಿತು. ಒಂದೊಂದು ಗಂಟೆ ಇಳಿಯಬೇಕಾದರೂ ಎಷ್ಟೋ ಮಿಲ್ಲುಗಳ ಗೇಟಿನ ಮುಂದೆ ಮುಷ್ಕರ ಹೂಡಬೇಕಾಯಿತು, ಎಷ್ಟೋ ಮನೆಗಳಲ್ಲಿ ಒಲೆ ಹೊತ್ತದೆ ಉಳಿಯಿತು.

ಇನ್ನು ಈಚಿನ ಕಥೆ. 2023ರ ಫೆಬ್ರವರಿಯಲ್ಲಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ಕರ್ನಾಟಕದ ಮಟ್ಟಿಗೆ ಫ್ಯಾಕ್ಟರಿ ಕಾಯ್ದೆಯನ್ನು ತಿದ್ದಿ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿಯ ಮಿತಿ 145ಕ್ಕೆ ಏರಿತು. 1911ರಲ್ಲಿ 12, 2023ರಲ್ಲಿ 12. ನಡುವೆ 112 ವರ್ಷ! ಅದೇ ವರ್ಷ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಹೊಸಬರು ಹಳಬರ ತಪ್ಪನ್ನು ತಿದ್ದುತ್ತಾರೆಂದು ಕಾದೆವು. 2025ರಲ್ಲಿ ಇವರ ಕಾರ್ಮಿಕ ಇಲಾಖೆಯೇ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ ದಿನಕ್ಕೆ 9 ಗಂಟೆಯಿದ್ದುದನ್ನು 10ಕ್ಕೆ, ಓಟಿ ಸೇರಿ 12ಕ್ಕೆ ಏರಿಸುವ ಪ್ರಸ್ತಾಪವನ್ನು ಮುಂದಿಟ್ಟಿತು. ಕಾರ್ಮಿಕ ಸಂಘಗಳು ಬೀದಿಗಿಳಿದು ವಿರೋಧಿಸಬೇಕಾಯಿತು.

ಶಿವಗಂಗೆಯ ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ನಮ್ಮ ಸೀಮೆಯವರ ನಂಬಿಕೆ. ಭಕ್ತರ ನಂಬಿಕೆಯನ್ನು ನಾವು ಹಳಿಯುವವರಲ್ಲ. ಆದರೆ ನಮ್ಮ ಹಿರಿಯರು ತಮ್ಮ ಬೆವರಿನಲ್ಲಿ ಕಾಯಿಸಿ ಇಳಿಸಿದ ತುಪ್ಪ ವಿಧಾನಸೌಧದಲ್ಲಿಯೂ ಹಿಂದಕ್ಕೆ ತಿರುಗಿ ಬೆಣ್ಣೆಯಾಗುತ್ತದೆಂದು ನಮಗೆ ಗೊತ್ತಿರಲಿಲ್ಲ.

"ವಾರದ ಒಟ್ಟು 48 ಗಂಟೆ ಹಾಗೆಯೇ ಇದೆಯಲ್ಲ, ನಾಲ್ಕು ದಿನ ದುಡಿದರೆ ಮೂರು ದಿನ ರಜೆ ಸಿಗುತ್ತದಲ್ಲ, ಕಾರ್ಮಿಕನು ಬರಹದಲ್ಲಿ ಒಪ್ಪಿದರೆ ಮಾತ್ರ ತಾನೇ?" ಎಂದು ಇದನ್ನು ಬೆಂಬಲಿಸುವವರು ಕೇಳುತ್ತಾರೆ. ಕಾಗದದ ಮೇಲೆ ಹಾಗೆಯೇ ಇತ್ತು, ಸುಳ್ಳು ಹೇಳುವುದಿಲ್ಲ. ಗುತ್ತಿಗೆಯ ಆಳಿನ ಮುಂದೆ ಮೇಸ್ತ್ರಿ ಕಾಗದ ಹಿಡಿದು "ರುಜು ಹಾಕು" ಎಂದಾಗ, "ಇಲ್ಲ ಸ್ವಾಮಿ, ನನಗೆ ಒಪ್ಪಿಗೆಯಿಲ್ಲ" ಎನ್ನುವ ಗಂಡಸು ಯಾರು? ಅವನ ಹಿಂದೆ ಗೇಟಿನ ಹೊರಗೆ ಇನ್ನೂ ಇಪ್ಪತ್ತು ಜನ ನಿಂತಿರುತ್ತಾರೆ. ಬಡವನ ಕೋಪ ದವಡೆಗೆ ಮೂಲ ಎಂದು ಅವನ ತಾಯಿಯೇ ಹೇಳಿಕೊಟ್ಟಿರುತ್ತಾಳೆ. ಇನ್ನು ಮೂರು ದಿನದ ರಜೆ. ಬಾಡಿಗೆ, ಫೀಸು, ಸಾಲದ ಕಂತು ತಲೆಯ ಮೇಲಿರುವವನಿಗೆ ಆ ಮೂರು ದಿನವೂ ಓಟಿಯಾಗಿ ಕರಗುತ್ತದೆ. ಓಟಿಯ ಮಿತಿಯನ್ನು ಎರಡರಷ್ಟಕ್ಕೆ ಹತ್ತಿರ ತಂದದ್ದು ಮತ್ತೇತಕ್ಕೆ?

ಹನ್ನೆರಡು ಗಂಟೆಯ ಪಾಳಿಗೆ ದಾರಿಯ ಹೊತ್ತನ್ನೂ ಸೇರಿಸಿ ನೋಡಿ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿಯ ಸಾವಿರಾರು ಜನ ದಿನ ಬೆಳಗಾದರೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ನಮ್ಮ ನೆಲಮಂಗಲ, ದಾಬಸ್‌ಪೇಟೆಯ ರಸ್ತೆಯಲ್ಲಿಯೂ ಮುಂಜಾನೆಯ ಕಂಪನಿ ಬಸ್ಸುಗಳಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ರಿಸುವ ಹುಡುಗಿಯರನ್ನು ಯಾರು ಬೇಕಾದರೂ ಕಾಣಬಹುದು. ಪಾಳಿ ಹನ್ನೆರಡು, ದಾರಿ ಎರಡು ಮೂರು, ನಿದ್ದೆ ಏಳು, ಉಳಿದದ್ದರಲ್ಲಿ ಅಡಿಗೆ, ಸ್ನಾನ, ಮಗುವಿನ ಜ್ವರ. ಇದರ ನಡುವೆ ದೇಶದ ಆಗುಹೋಗಿನ ಬಗ್ಗೆ ಅಭಿಪ್ರಾಯವನ್ನು ಯಾವ ಸಂದಿಯಲ್ಲಿ ತುರುಕುವುದು?

ಇನ್ನೊಂದು ಮಾತನ್ನು ನಮ್ಮ ವ್ಯಾಪಾರಿ ಮಿತ್ರರಿಗೆ ಹೇಳಲೇಬೇಕು, ಕೋಪ ಮಾಡಿಕೊಳ್ಳಬಾರದು. ಬೆಳಗಿನ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ ನೀವೂ ಪುರುಸೊತ್ತಿಲ್ಲದವರೇ. ಆದರೆ ನಿಮ್ಮ ಅಂಗಡಿಯಲ್ಲಿ ಸಾಮಾನು ಕಟ್ಟುವ ಹುಡುಗನೊಬ್ಬನಿದ್ದಾನೆ. 1961ರ ಕರ್ನಾಟಕದ ಅಂಗಡಿ ಕಾಯ್ದೆ ಅವನಿಗೆ ವಾರಕ್ಕೊಂದು ರಜೆ ಬರೆದಿಟ್ಟಿತು. ಅವನು ಕಳೆದ ಬಾರಿ ಯಾವ ವಾರ ರಜೆ ಕಂಡ ಎಂದು ಗಲ್ಲದ ಮೇಲೆ ಕುಳಿತು ಒಮ್ಮೆ ಯೋಚಿಸಿ.

ಸಿನಿಮಾದ ಬಾಗಿಲಲ್ಲಿ

ಬಿಡುವು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ದುಡಿದು ದಣಿದವನು ಎಲ್ಲಿಗೆ ಹೋಗಬೇಕು? ನಮ್ಮ ಕಾಲದ ಟೆಂಟ್ ಸಿನಿಮಾದಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿ. ಯಜಮಾನರು ಕುರ್ಚಿಯಲ್ಲಿ, ಅವರ ಹೊಲದ ಆಳು ನೆಲದಲ್ಲಿ. ಭೇದವೇನೋ ಇತ್ತು, ಆದರೆ ಪರದೆ ಒಂದೇ, ನಗು ಒಂದೇ, ಮರುದಿನ ಬಾವಿಕಟ್ಟೆಯ ಬಳಿ ಮಾತೂ ಒಂದೇ. ಬೆಂಗಳೂರಿನ ಗಾಂಧಿನಗರದಲ್ಲಿ ಮಿಲ್ಲಿನವರು ಸಂಬಳದ ವಾರ ಸಾಲುಗಟ್ಟುತ್ತಿದ್ದ ದೊಡ್ಡ ಚಿತ್ರಮಂದಿರಗಳಲ್ಲಿ ಎಷ್ಟೋ ಈಗಿಲ್ಲ. ಕಪಾಲಿಯೇ ಹೋಯಿತು. ಅವುಗಳ ಜಾಗಕ್ಕೆ ಮಾಲುಗಳು ಬಂದವು.

ಆ ಮಾಲಿನ ಬಾಗಿಲು ಎಂಥದೆಂಬುದನ್ನು 2024ರ ಜುಲೈನಲ್ಲಿ ಎಲ್ಲರೂ ನೋಡಿದೆವು. ಹಾವೇರಿಯ ಕಡೆಯ ಒಬ್ಬ ರೈತರು ಮಗನೊಡನೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಹೋದರು. ಕೈಯಲ್ಲಿ ಟಿಕೆಟ್ಟಿತ್ತು. ಉಟ್ಟದ್ದು ಪಂಚೆ. ಪಂಚೆಯುಟ್ಟವರಿಗೆ ಪ್ರವೇಶವಿಲ್ಲವೆಂದು ಕಾವಲಿನವರು ತಡೆದರು. ನಾಡೆಲ್ಲ ಛೀಮಾರಿ ಹಾಕಿತು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಸರ್ಕಾರ ಮಾಡಿದ್ದು ಸರಿ. ಆದರೆ ಪಂಚೆಯನ್ನು ತಡೆಯುವ ಕಾವಲಿನವನಿಗಿಂತ ಬಲವಾದ ಕಾವಲಿನವನು ಆ ಮಾಲುಗಳಲ್ಲಿ ಇನ್ನೊಬ್ಬನಿದ್ದಾನೆ, ಅವನು ಟಿಕೆಟ್ಟಿನ ದರ. ತಲೆಗೆ 400 ರೂಪಾಯಿಯೆಂದರೂ ಗಂಡ ಹೆಂಡತಿ ಇಬ್ಬರು ಮಕ್ಕಳಿಗೆ 1,600. ಮೇಲೆ ಬಸ್ಸಿನ ಖರ್ಚು, ಮಕ್ಕಳು ಕೇಳುವ ತಿಂಡಿ. ಗುತ್ತಿಗೆ ಆಳಿನ ಎರಡು ಮೂರು ದಿನದ ಕೂಲಿ ಒಂದು ಸಂಜೆಗೆ ಮುಗಿಯಿತು.

ಈ ದೃಷ್ಟಿಯಿಂದ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ, ತೆರಿಗೆ ಬಿಟ್ಟು ಟಿಕೆಟ್ಟಿಗೆ 200 ರೂಪಾಯಿ ಮೀರಬಾರದೆಂದು ನಿಯಮ ತಂದಾಗ ನಾವು ಸಂತೋಷಪಟ್ಟೆವು. 2017ರಲ್ಲಿಯೂ ಇದೇ 200ರ ಪ್ರಯತ್ನ ಆಗಿತ್ತು, ನಿಲ್ಲಲಿಲ್ಲ. ಈ ಸಲ ಮಲ್ಟಿಪ್ಲೆಕ್ಸಿನವರು, ಚಿತ್ರ ನಿರ್ಮಾಪಕರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 23ರಂದು ತಡೆಯಾಜ್ಞೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದೆ ಸುಪ್ರೀಂ ಕೋರ್ಟಿನ ಮುಂದೆ ವಿಷಯ ಹೋದಾಗ ನ್ಯಾಯಮೂರ್ತಿಗಳೇ ನೀರಿನ ಬಾಟಲಿಯ ಬೆಲೆ, ಕಾಫಿಯ ಬೆಲೆ ಎತ್ತಿ ಆಡಿ, ಹೀಗಾದರೆ ಮಂದಿರಗಳು ಖಾಲಿಯಾಗುತ್ತವೆಂದು ಎಚ್ಚರಿಸಿದ್ದು ಪತ್ರಿಕೆಗಳಲ್ಲಿ ಬಂತು.

ಚಿತ್ರ ತೆಗೆಯುವವರಿಗೂ ಖರ್ಚಿದೆ, ಹಾಕಿದ ಬಂಡವಾಳ ಹುಟ್ಟಬೇಕು ಎಂಬುದನ್ನು ಅರಿಯದಷ್ಟು ಮೂಢರು ನಾವಲ್ಲ. ಮೃದು ಕುರ್ಚಿಯಲ್ಲಿ ಮಲಗಿ ನೋಡುವವನಿಂದ ಎಷ್ಟು ಬೇಕಾದರೂ ವಸೂಲು ಮಾಡಲಿ. ಪ್ರತಿಯೊಂದು ಪ್ರದರ್ಶನದಲ್ಲಿಯೂ ಮುಂದಿನ ಕೆಲವು ಸಾಲುಗಳನ್ನು ದುಡಿಯುವವನ ಕೈಗೆಟುಕುವ ದರದಲ್ಲಿ ಇಡಲು ಇವರಿಗೇನು ಕಷ್ಟ? ಟೆಂಟಿನ ಯಜಮಾನ ಅದನ್ನು ಮಾಡಿಯೂ ಬದುಕಿದ್ದ.

ದುಡ್ಡು ತೆತ್ತು ಒಳಗೆ ಹೋದವನು ನೋಡುವುದೇನನ್ನು? 2018ರಲ್ಲಿ ಬಂದ "ಕೆ.ಜಿ.ಎಫ್." ಚಿತ್ರವನ್ನು ನಮ್ಮ ಹುಡುಗರು ಎರಡೆರಡು ಸಲ ನೋಡಿದರು, ನಾವೂ ನೋಡಿದೆವು. ಕನ್ನಡದ ಚಿತ್ರವೊಂದು ದೇಶವೆಲ್ಲ ಓಡಿತೆಂಬ ಹೆಮ್ಮೆ ನಮಗೂ ಉಂಟು. ಅದರಲ್ಲಿ ಚಿನ್ನದ ಗಣಿಯ ಜೀತದಾಳುಗಳು ಸಾಲುಸಾಲಾಗಿ ಏಟು ತಿನ್ನುತ್ತಾರೆ, ಒಬ್ಬ ವೀರ ಬಂದು ಬಿಡಿಸಲೆಂದು ಕಾಯುತ್ತಾರೆ. ಕಥೆ ಕಥೆಯೇ, ಅದನ್ನು ಚರಿತ್ರೆಯೆಂದು ಯಾರೂ ಹೇಳಲಿಲ್ಲ. ಆದರೆ ನಿಜವಾದ ಕೋಲಾರದ ಗಣಿಯಲ್ಲಿ ಆಳುಗಳು ಯಾವ ವೀರನಿಗೂ ಕಾಯಲಿಲ್ಲ. 1930ರಲ್ಲಿ ಕಂಪನಿ ಬೆರಳಚ್ಚು ತೆಗೆಯಲು ಹೊರಟಾಗ ಅವರೇ ಒಟ್ಟಾಗಿ ಕೆಲಸ ನಿಲ್ಲಿಸಿದರು. ನಮ್ಮ ಹುಡುಗರಿಗೆ ಪರದೆಯ ವೀರನ ಮಾತುಗಳು ಬಾಯಿಪಾಠ, 1930ರ ಮುಷ್ಕರದ ಹೆಸರೇ ಗೊತ್ತಿಲ್ಲ. ಅದನ್ನು ಓದಿ ತಿಳಿಯಲು ಒಂದು ಸಂಜೆ ಬೇಕು, ಹೇಳಿಕೊಡಲು ಒಬ್ಬ ಹಿರಿಯನಿಗೂ ಅದೇ ಸಂಜೆ ಬಿಡುವಿರಬೇಕು.

ಸಂತೋಷಪಡಲು ಹೋಗಿ ಸತ್ತವರು

2025ರ ಜೂನ್ 3ರ ರಾತ್ರಿ ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟನೆಯ ವರ್ಷಕ್ಕೆ ಮೊದಲ ಬಾರಿ ಐಪಿಎಲ್ ಗೆದ್ದಿತು. ದಾಬಸ್‌ಪೇಟೆಯಲ್ಲಿ ಕೂಡ ಪಟಾಕಿ ಸಿಡಿದವು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಹೆಚ್ಚಿನವರು ಎಳೆಯರು. ಮೂವತ್ತೈದು ಸಾವಿರ ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದರೆಂದು ಆಮೇಲೆ ಲೆಕ್ಕ ಹೇಳಿದರು. ಯಾರ ತಪ್ಪು ಎಷ್ಟೆಂದು ವಿಚಾರಣೆಗಳು ನಡೆದವು. ನಾವು ಅದರ ತೀರ್ಪು ಬರೆಯುವವರಲ್ಲ.

ನಮಗೆ ಹೊಳೆದದ್ದು ಬೇರೆ. ಶಿವಗಂಗೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಗಂಗಾಧರೇಶ್ವರ ಹೊನ್ನಾದೇವಿಯರ ಕಲ್ಯಾಣಕ್ಕೆ ಜನಸಾಗರವೇ ಸೇರುತ್ತದೆ. ಬೆಟ್ಟದ ದಾರಿ ಕಡಿದು, ಮೆಟ್ಟಿಲು ಇಕ್ಕಟ್ಟು. ಆದರೂ ಹತ್ತುವವರಿಗೆ ಇಳಿಯುವವರು ದಾರಿ ಬಿಡುತ್ತಾರೆ, ಮುದುಕಿಯ ಕೈಯನ್ನು ಗುರುತಿಲ್ಲದ ಹುಡುಗ ಹಿಡಿಯುತ್ತಾನೆ. ಯಾವ ಊರಿನವರಿಗೆ ಯಾವ ಕೆಲಸ, ನೀರು ಯಾರದು, ಮಜ್ಜಿಗೆ ಪಾನಕ ಯಾರದು ಎಂಬುದು ತಲೆತಲಾಂತರದಿಂದ ಗೊತ್ತಾದ ವಿಷಯ. ಕ್ರಿಕೆಟ್ ಇಂದಿನ ಹುಡುಗರ ಜಾತ್ರೆ. ಆ ಜಾತ್ರೆಯ ಹುಂಡಿ ಎಣಿಸುವವರು ಬಹಳ ಮಂದಿ, ಮಜ್ಜಿಗೆ ಹಂಚುವವರು, ದಾರಿ ತೋರುವವರು ಯಾರೂ ಇರಲಿಲ್ಲ. ಮೊಬೈಲಿನಲ್ಲಿ ಕರೆ ಬಂತು, ದಿನವಿಡೀ ದುಡಿಮೆಯಲ್ಲಿ ಉಸಿರು ಕಟ್ಟಿದ್ದ ಹುಡುಗರು ಅರ್ಧ ದಿನ ರಜೆ ಹಾಕಿ ಓಡಿದರು. ಅವರನ್ನು ಹುಚ್ಚರೆಂದು ಜರೆದವರನ್ನು ನಾವು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಹತ್ತು ಜನರೊಡನೆ ಕೂಗಿ ಕುಣಿಯಬೇಕೆಂಬ ಆಸೆ ದುಡಿಯುವವನ ಹಕ್ಕು.

ಶಾಂತಲೆಯೂ ಮೊಬೈಲೂ

ಹೊತ್ತಿಲ್ಲದವನ ಕೈಯಲ್ಲಿ ಉಳಿದದ್ದು ಮೊಬೈಲು. ಪಾಳಿಯ ನಡುವಿನ ಊಟದ ಅರ್ಧ ಗಂಟೆಯಲ್ಲಿ ಅದು ಅವನಿಗೆ ಸಿದ್ಧ ಅಭಿಪ್ರಾಯಗಳನ್ನು ಬಡಿಸುತ್ತದೆ. ಯಾವ ಜಾತಿಯವರು ಯಾರ ಶತ್ರು, ಯಾವ ದೇವರಿಗೆ ಯಾರಿಂದ ಅಪಾಯ, ಎಲ್ಲವೂ ಅರ್ಧ ನಿಮಿಷದಲ್ಲಿ. ವಿಚಾರಿಸಿ ನೋಡೋಣವೆನ್ನುವಷ್ಟರಲ್ಲಿ ಸೈರನ್ನು ಕೂಗುತ್ತದೆ.

ನಮ್ಮ ಬೆಟ್ಟದ್ದೇ ಒಂದು ಉದಾಹರಣೆ ಕೊಡುತ್ತೇವೆ. ಮೇಲೆ ಹೋದವರಿಗೆ ಒಂದು ಪ್ರಪಾತವನ್ನು ತೋರಿಸಿ, ಹೊಯ್ಸಳರ ಪಟ್ಟದರಸಿ ಶಾಂತಲಾದೇವಿ ಇಲ್ಲಿಂದಲೇ ಹಾರಿ ಪ್ರಾಣಬಿಟ್ಟಳೆಂದು ಹೇಳುತ್ತಾರೆ. ಮಕ್ಕಳಿಲ್ಲದ ಕೊರಗೆಂದು ಕೆಲವರು ಸೇರಿಸುತ್ತಾರೆ. ಕೆ. ವಿ. ಅಯ್ಯರ್ ಅವರ "ಶಾಂತಲಾ" ಕಾದಂಬರಿಯಿಂದ ಹಿಡಿದು ಇಂದಿನ ಮೊಬೈಲ್ ಚಿತ್ರಗಳವರೆಗೆ ಅವಳ ಕಥೆ ಕನ್ನಡಿಗರ ಮನಸ್ಸನ್ನು ಕಲಕಿದೆ. ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟು: 1131ರಲ್ಲಿ ಅವಳು ಶಿವಗಂಗೆಯಲ್ಲಿ ಮುಡಿಪಿದಳು, ಆ ದುಃಖದಲ್ಲಿ ತಾಯಿ ಮಾಚಿಕಬ್ಬೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಹಾರಿದಳೆಂಬ ಮಾತು ಆ ಕಲ್ಲಿನಲ್ಲಿಲ್ಲ. ಅವಳು ಜೈನಳು, ವ್ರತದಿಂದಲೇ ದೇಹ ಬಿಟ್ಟಿರಬೇಕೆಂದು ಊಹಿಸುವ ವಿದ್ವಾಂಸರೂ ಉಂಟು.

ಒಂಬೈನೂರು ವರ್ಷದ ಹಿಂದಿನ ರಾಣಿಯ ವಿಷಯದಲ್ಲಿ ಕಥೆಗೂ ಕಲ್ಲಿಗೂ ವ್ಯತ್ಯಾಸವಾದರೆ ನಷ್ಟ ಸ್ವಲ್ಪವೇ. ನಿನ್ನೆ ಪಕ್ಕದ ಕೇರಿಯಲ್ಲಿ ನಡೆದದ್ದರ ವಿಷಯದಲ್ಲಿ ಹಾಗಾದರೆ ಮನೆಗಳು ಉರಿಯುತ್ತವೆ. "ಇದು ಎಲ್ಲಿ ಬರೆದಿದೆ, ಯಾರು ನೋಡಿದರು?" ಎಂದು ಕೇಳುವ ಅಭ್ಯಾಸಕ್ಕೆ ಶಾಲೆ ಬೇಕು, ಗ್ರಂಥಾಲಯ ಬೇಕು, ಎಲ್ಲಕ್ಕಿಂತ ಮೊದಲು ಹೊತ್ತು ಬೇಕು.

ಕುಳಿತು ಮಾತಾಡಿದವರು ಗೆದ್ದರು

ಸಾಮಾನ್ಯನ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲವೆಂದು ನಿರಾಶರಾಗಬೇಡಿ. ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆಂದು ತೆಗೆದುಕೊಳ್ಳಲು ಸರ್ಕಾರ ಹೊರಟಿತು. ರೈತರು 2022ರ ಏಪ್ರಿಲ್‌ನಿಂದ ಧರಣಿ ಕುಳಿತರು. 1,198 ದಿನ! ದಿನವೂ ಒಂದೆಡೆ ಕೂತು ಮಾತಾಡಿ, ಕಾಗದಪತ್ರ ಓದಿ, ತಮ್ಮ ಅಭಿಪ್ರಾಯವನ್ನು ತಾವೇ ಗಟ್ಟಿ ಮಾಡಿಕೊಂಡರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಬೇಕಾಯಿತು.

ಅದೇ ಜುಲೈನಲ್ಲಿ ವ್ಯಾಪಾರಿಗಳ ಸರದಿ. ಯುಪಿಐ ಮೂಲಕ ಬಂದ ಹಣವನ್ನೆಲ್ಲ ಎಣಿಸಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಬೀಡಾ ಅಂಗಡಿ, ಕಾಂಡಿಮೆಂಟ್ಸಿನವರಿಗೆ ಜಿಎಸ್‌ಟಿ ನೋಟೀಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ನೋಟೀಸು ಬಂತು. ಸೊಪ್ಪು ತರಕಾರಿಗೆ ತೆರಿಗೆಯೇ ಇಲ್ಲವೆಂಬುದನ್ನು ಅಧಿಕಾರಿಗಳಿಗೆ ಸೊಪ್ಪು ಮಾರುವವನು ತಿಳಿಸಬೇಕಾಯಿತು. ವ್ಯಾಪಾರಿಗಳು ಅಂಗಡಿಯ ಮುಂದಿನ ಕ್ಯೂಆರ್ ಹಲಗೆ ತೆಗೆದು "ನಗದು ಮಾತ್ರ" ಎಂದು ಚೀಟಿ ಅಂಟಿಸಿದರು, ಜುಲೈ 25ಕ್ಕೆ ಬಂದ್ ಎಂದರು. 23ರಂದೇ ಮುಖ್ಯಮಂತ್ರಿಗಳು ಕರೆದು ಮಾತಾಡಿದರು, ಹಳೆಯ ಬಾಕಿಯ ಬಲವಂತ ನಿಂತಿತು. ತೆರಿಗೆ ಕೊಡಬೇಕಾದವರು ಕೊಡಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕೊಡಬೇಕಿಲ್ಲದವನನ್ನು ಹೆದರಿಸಬಾರದು. ಆ ಮಾತು ಒಬ್ಬೊಬ್ಬನ ಗೊಣಗಾಟವಾಗಿದ್ದಾಗ ಯಾರಿಗೂ ಕೇಳಿಸಲಿಲ್ಲ, ಎಲ್ಲರೂ ಒಂದೇ ಚೀಟಿ ಅಂಟಿಸಿದಾಗ ವಿಧಾನಸೌಧಕ್ಕೆ ಕೇಳಿಸಿತು.

ಹೆಂಗಸರ ಬಸ್ಸಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳು 500 ಕೋಟಿ ದಾಟಿದವು. "ಪುಕ್ಕಟೆ ಸಿಕ್ಕಿತೆಂದು ಗುಡಿ ಸುತ್ತುತ್ತಾರೆ" ಎಂದು ಹಂಗಿಸುವವರು ಬಹಳ. ಆ ಭಾನುವಾರ ಮಧುಗಿರಿಯ ಕಡೆಯ ಒಬ್ಬ ತಾಯಿ ಬೆಟ್ಟದ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ನಮಗೆ ಹೇಳಿದರು: "ಮದುವೆಯಾಗಿ ಮೂವತ್ತು ವರ್ಷ ಆಯ್ತು ಕಣಪ್ಪ, ಒಬ್ಬಳೇ ಹೊರಟು ಒಂದು ಊರು ನೋಡಿದ್ದು ಇದೇ ಮೊದಲು." ಆಮೇಲೆ ಬಸ್ಸು ಸಾಲದು, ನಿಂತೇ ಬರಬೇಕು, ಗಂಡಸರ ಟಿಕೆಟ್ಟು ಮಾತ್ರ ಏರಿತು ಎಂದು ಸರ್ಕಾರವನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಹೊಲ, ಒಲೆ, ಕೊಟ್ಟಿಗೆಗಳ ನಡುವೆ ಅವರಿಗೆ ಒಂದು ದಿನದ ಬಿಡುವು ಸಿಕ್ಕಿತ್ತು. ಅಭಿಪ್ರಾಯವೂ ಒಡನೆಯೇ ಸಿದ್ಧವಾಯಿತು. ಆ ಯೋಜನೆಯನ್ನು ನಾವು ಬೆಂಬಲಿಸುವುದು ಇದಕ್ಕಾಗಿ. ಬಸ್ಸುಗಳ ಸಂಖ್ಯೆ ಹೆಚ್ಚಿಸದಿದ್ದರೆ ಅದು ಅರೆಹೊಟ್ಟೆಯ ಊಟವೆಂಬುದೂ ನಿಜ.

ನಮ್ಮ ಮಾತು ಇಷ್ಟು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಫ್ಯಾಕ್ಟರಿ ಕಾಯ್ದೆಯೂ ಸೇರಿದಂತೆ 29 ಕಾಯ್ದೆಗಳ ಜಾಗಕ್ಕೆ ಅವು ಬಂದು ಕುಳಿತವು. ದಿನಕ್ಕೆ 8 ಗಂಟೆಯೆಂದು ಸಂಹಿತೆಯಲ್ಲಿ ಬರೆದಿದೆ. ಆದರೆ ಓಟಿ ಎಷ್ಟು, ಊಟದ ವಿರಾಮ ಸೇರಿ ಪಾಳಿಯನ್ನು ಎಷ್ಟು ಹೊತ್ತು ಹಿಗ್ಗಿಸಬಹುದು ಎಂಬುದನ್ನು ಸರ್ಕಾರಗಳ ನಿಯಮಕ್ಕೆ ಬಿಟ್ಟಿದೆ. ಕಳ್ಳ ಬರುವುದು ಈ ಹಿತ್ತಿಲ ಬಾಗಿಲಿನಿಂದಲೇ. ಕರ್ನಾಟಕ ಸರ್ಕಾರ 12 ಗಂಟೆಯ ವಿಚಾರವನ್ನು ನಿಯಮದಲ್ಲಿ ತರಬಾರದು, ಅಂಗಡಿ ಕಾಯ್ದೆಯ ತಿದ್ದುಪಡಿಯ ಪ್ರಸ್ತಾಪವನ್ನು ಕೈಬಿಡಬೇಕು. ಗುತ್ತಿಗೆ ಆಳಿನ ಒಪ್ಪಿಗೆಯೆಂಬ ನಾಟಕ ನಿಲ್ಲಬೇಕು. ಚಿತ್ರಮಂದಿರಗಳಲ್ಲಿ ಅಗ್ಗದ ಸಾಲುಗಳು ಇರಬೇಕು. ಸೋಂಪುರದಂಥ ಕೈಗಾರಿಕಾ ಪ್ರದೇಶಕ್ಕೆ ಎಕರೆಗಟ್ಟಲೆ ಭೂಮಿ ಕೊಟ್ಟ ಸರ್ಕಾರ, ಆಳುಗಳು ಸಂಜೆ ಕೂತು ಪತ್ರಿಕೆ ಓದಿ ಮಾತಾಡಲು ಒಂದು ಕೋಣೆಯನ್ನಾದರೂ ಕಟ್ಟಿಸಿ ಕೊಡಬೇಕು.

ಅಂದು ಹನ್ನೊಂದರ ಬಸ್ಸು ಹಾರನ್ ಹೊಡೆದಾಗ ಆ ಹುಡುಗ ದಡಬಡಿಸಿ ಎದ್ದ. ಬೆಟ್ಟ ಹತ್ತಲು ಹೊತ್ತಿರಲಿಲ್ಲ. ಕೆಳಗಿನಿಂದಲೇ ಕೈಮುಗಿದು, ಹರಕೆಯ ಕಾಯನ್ನು ಟೀ ಅಂಗಡಿಯ ತಾಯಿಯ ಕೈಗೆ ಕೊಟ್ಟು, ಮೇಲೆ ಹೋಗುವವರ ಕೈಲಿ ಕಳಿಸಿಕೊಡಿ ಎಂದು ಕೇಳಿಕೊಂಡ. ಸಂಜೆ ಮತ್ತೆ ಪಾಳಿ ಇತ್ತು. ಅವನ ಅಭಿಪ್ರಾಯ ನಮಗೆ ಇನ್ನೂ ಬೇಕಾಗಿದೆ. ಓದುಗ ಬಂಧುಗಳದೂ ಬೇಕು. 50 ಪೈಸೆಯ ಅಂಚೆ ಕಾರ್ಡು ಇಂದಿಗೂ ಸಿಗುತ್ತದೆ. ನಾಲ್ಕು ಸಾಲು ಸಾಕು, ನಿಮಗೆ ಸಿಕ್ಕ ಬಿಡುವಿನಲ್ಲಿ ಬರೆದು ಹಾಕಿ.